ತಲೆ ಆನಿಸುವ ಜಾಗ

ಮೇ ತಿಂಗಳ ಕತ್ತರಿ ಬಿಸಿಲು ಹಿಡಿದು ವಾರವಾಗಿತ್ತು. ಆ ದಿನಗಳಲ್ಲಿ ಗಿಂಡಿ ಬಡಾವಣೆಯ ಕಡೆ ಕೈಕೆಲಸ ಇರುವವರು ನೀರಿನ ಲಾರಿ ಬಂದು ಹೋಗುವಷ್ಟರಲ್ಲಿ ಅದನ್ನು ಮುಗಿಸಿಕೊಳ್ಳಬೇಕು. ಆಮೇಲೆ ತಾರಸಿಯೆಂದರೆ ಕಾದ ಕಾವಲಿ. ಶಿವಗಂಗಮ್ಮ ಗರಿಯ ಚಪ್ಪರದ ಕೆಳಗೆ ಗೋಣಿತಟ್ಟು ಹಾಸಿ, ಲಾಳ ಕಟ್ಟಲು ಎತ್ತನ್ನು ಕೆಡವುವ ಹಾಗೆ ಕುರ್ಚಿಯನ್ನು ಮಗ್ಗುಲಿಗೆ ಕೆಡವಿಕೊಂಡು, ಇಕ್ಕಳ ಹಿಡಿದು ಮೊಳೆ ಕೀಳುತ್ತಿದ್ದಳು.

ಮೊಳೆಗಳು ತುಕ್ಕು ಹಿಡಿದು ತೇಗದೊಳಗೆ ಬೇರು ಬಿಟ್ಟ ಹಾಗಿದ್ದವು. ಅವಸರದಲ್ಲಿ ಎಳೆದರೆ ತಲೆ ಮಾತ್ರ ಕೈಗೆ ಬಂದು ಮುಳ್ಳು ಮರದಲ್ಲೇ ಉಳಿಯುತ್ತಿತ್ತು. ಅಲುಗಾಡಿಸಿ, ಸಮಾಧಾನ ಮಾಡಿ, ಎಳೆಯಬೇಕು.

ನುಂಗಂಬಾಕ್ಕಂನ ಕೊಬ್ಬರಿ ವ್ಯಾಪಾರಿ ಹಾಲಸಿದ್ದಪ್ಪನವರು ಲಿಂಗೈಕ್ಯರಾದಾಗ ಅವರ ಲಿಂಗದ ಚಿನ್ನದ ಕರಡಿಗೆ ಕಾಣೆಯಾಗಿ, ಕಳ್ಳತನದ ದೂರು ಅವರ ಆರೈಕೆ ಮಾಡುತ್ತಿದ್ದ ಸೀತಾಳ ತಲೆಗೆ ಬಂದದ್ದನ್ನೂ, ಮಗ ಶಿವರಂಜನ್ ಶಿವಗಣಾರಾಧನೆ ಮುಗಿಯುತ್ತಲೇ ಮಾರಿದ ಅಪ್ಪನ ಈ ಕುರ್ಚಿಯನ್ನು ಶಿವಗಂಗಮ್ಮ ಹಳೇ ಸಾಮಾನಿನ ಗೋದಾಮಿನಿಂದ ಹುಡುಕಿ ತಂದದ್ದನ್ನೂ ಓದುಗರು ಬಲ್ಲರು.

ಆ ಮನೆಯಿಂದ ಹೊರಗೆ ಹೋದದ್ದು ಎರಡೇ. ಒಂದು ಸೀತಾ, ಇನ್ನೊಂದು ಈ ಕುರ್ಚಿ. ಸೀತಾಳ ಚೀಲ, ಬಾಡಿಗೆ ಕೋಣೆ, ಅಕ್ಕಿಡಬ್ಬಿ ಎಲ್ಲವನ್ನೂ ಪೊಲೀಸರು ಜಾಲಾಡಿಯಾಗಿತ್ತು. ಕುರ್ಚಿಯನ್ನು ಯಾರೂ ಕೇಳಿರಲಿಲ್ಲ.

ವಿಮಾ ಕಂಪನಿಯಲ್ಲಿ ಸುಟ್ಟ ಗೋದಾಮು, ಒಡೆದ ಬೀರು ನೋಡುತ್ತಲೇ ಕೂದಲು ಬೆಳ್ಳಗಾದವಳು ಶಿವಗಂಗಮ್ಮ. ನಿವೃತ್ತಿಯಾದ ಮೇಲೆ ಹಳೇ ಕುರ್ಚಿಗಳನ್ನು ತಂದು ಹೊಸದು ಮಾಡುವುದು ಹವ್ಯಾಸವಾಗಿತ್ತು. ಹಾಗಾಗಿ ಇದನ್ನು ಕೊಂಡಾಗ ಗೋದಾಮಿನವನು ಏನೂ ಅಂದುಕೊಳ್ಳಲಿಲ್ಲ.

ಅವಳಿಗೆ ಇದು ಹವ್ಯಾಸವಾಗಿರಲಿಲ್ಲ. ನಾಳೆ ಬೆಳಗ್ಗೆ ಸೀತಾ ಠಾಣೆಗೆ ಹೋಗಬೇಕಿತ್ತು. ಈ ಸಲ ಬರುವಾಗ ಒಂದು ಜೊತೆ ಬಟ್ಟೆಯನ್ನೂ ತೆಗೆದುಕೊಂಡು ಬಾ ಎಂದು ಇನ್‌ಸ್ಪೆಕ್ಟರು ಹೇಳಿ ಕಳಿಸಿದ್ದರು.

ಶಿವಗಂಗಮ್ಮನ ತಾಯಿ ಹಾಸಿಗೆ ಹಿಡಿದ ಕೊನೆಯ ವರ್ಷ ಅವರನ್ನು ಮಗುವಿನ ಹಾಗೆ ನೋಡಿಕೊಂಡವಳು ಇದೇ ಸೀತಾ. ಮುದುಕಿ ಕಣ್ಣು ಮುಚ್ಚಿದ್ದು ಅವಳ ತೋಳಿನ ಮೇಲೆ. ಅಂದು ಶಿವಗಂಗಮ್ಮ, ನಿನ್ನ ಋಣ ಇಟ್ಟುಕೊಂಡು ಹೋಗುವವಳಲ್ಲ ಕಣೇ ನಾನು, ಎಂದಿದ್ದಳು. ಸೀತಾ ನಕ್ಕು, ಮೊದಲು ಊಟ ಮಾಡಿ ಅಮ್ಮ, ಎಂದು ತಟ್ಟೆ ಮುಂದಿಟ್ಟಿದ್ದಳು.

ಕೂರುವ ಭಾಗದ ರೆಕ್ಸಿನ್ ಬಿಚ್ಚಿಕೊಂಡಿತು. ಅದರ ಕೆಳಗೆ ಸವೆದ ಹಸಿರು ಮಖಮಲ್ಲು. ಯಾವುದೋ ಕಾಲದಲ್ಲಿ ಕುರ್ಚಿಗೆ ಅದೇ ಮೇಲಂಗಿಯಾಗಿದ್ದಿರಬೇಕು. ಅದರ ಕೆಳಗೆ ಗಂಟುಕಟ್ಟಿದ ಹತ್ತಿ, ಅದರ ಕೆಳಗೆ ತೆಂಗಿನ ನಾರು, ತಳದಲ್ಲಿ ಜೋತುಬಿದ್ದ ಸೆಣಬಿನ ಪಟ್ಟಿಗಳ ಮೇಲೆ ಓರೆಯಾಗಿ ನಿಂತ ಸ್ಪ್ರಿಂಗುಗಳು.

ನಾರನ್ನು ಕೈಗೆ ತೆಗೆದುಕೊಂಡಾಗ ಶಿವಗಂಗಮ್ಮನಿಗೆ ತಿಪಟೂರಿನ ಕಡೆಯ ತನ್ನೂರಿನ ಕಟ್ಟೆಯ ನೀರಿನ ವಾಸನೆ ಮೂಗಿಗೆ ಬಂತು. ನೀರಿನಲ್ಲಿ ಚೆನ್ನಾಗಿ ನೆನೆದು ಬಡಿಸಿಕೊಂಡ ನಾರು ಅದು. ಇಷ್ಟು ವರ್ಷ ಒಬ್ಬರ ಭಾರ ಹೊತ್ತೂ ಮುರಿದಿರಲಿಲ್ಲ. ಅದನ್ನು ಹಿಡಿಹಿಡಿಯಾಗಿ ಬಿಡಿಸಿ, ಜಾಲಿಸಿ, ಗೋಣಿಚೀಲಕ್ಕೆ ತುಂಬಿದಳು. ಸಿಕ್ಕಿದ್ದು ಒಂದು ಅಂಗಿ ಗುಂಡಿ, ಅಡಿಕೆ ಹೋಳು, ನುಂಗದೆ ಬಚ್ಚಿಟ್ಟ ಒಂದೆರಡು ಮಾತ್ರೆ. ಮುದುಕರು ಕಹಿ ಮಾತ್ರೆಯನ್ನು ಕುರ್ಚಿಯ ಸಂದಿಗೆ ತಳ್ಳಿ ಸೀತಾಳಿಗೆ ಬಾಯಿ ತೆರೆದು ತೋರಿಸುತ್ತಿದ್ದರೇನೋ.

ಕರಡಿಗೆ ಇರಲಿಲ್ಲ.

ಅಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬಂದವನು ಶಿವರಂಜನ್, ಎರಡು ಮನೆಗಳ ಬಳಕೆಯಿಂದ ಅವಳನ್ನು ಅತ್ತೆ ಎನ್ನುತ್ತಿದ್ದವನು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದು ಕಾಲಕ್ಕೆ ಶಿವದಾರ ಇದ್ದ ಕೊರಳಲ್ಲಿ ಈಗ ಆಫೀಸಿನ ಗುರುತಿನ ಚೀಟಿಯ ನೀಲಿ ಪಟ್ಟಿ.

“ಏನಪ್ಪಾ, ಶೋಳಿಂಗನಲ್ಲೂರಿನ ಆಫೀಸು ಬಿಟ್ಟು ಬೆಳಗ್ಗೆ ಬೆಳಗ್ಗೆನೇ ಈ ಕಡೆ?”

“ಗೋದಾಮಲ್ಲಿ ಹೇಳಿದ್ರು ಅತ್ತೆ, ನೀವೇ ಕೊಂಡಿದೀರಂತ. ಒಳ್ಳೇದಾಯ್ತು ಅಂದ್ಕೊಂಡೆ. ಹೊರಗಿನವರಾಗಿದ್ರೆ ಕೇಳೋದು ಕಷ್ಟ ತಾನೆ.”

ಅಪ್ಪನ ನೆನಪೆಂದು ಅದೊಂದೇ ಇದ್ದದ್ದು, ದುಃಖದಲ್ಲಿ ಬುದ್ಧಿ ಓಡದೆ ಮಾರಿಬಿಟ್ಟೆ, ವಾಪಸು ಬೇಕು ಎಂದು ಅವನು ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಹೇಳಿಕೊಂಡ. ಹೇಳುವಾಗ ಅವನ ಕಣ್ಣು ಶಿವಗಂಗಮ್ಮನ ಮುಖದ ಮೇಲಿರಲಿಲ್ಲ. ಬಾಯಿ ತೆರೆದ ಕಾಳಿನ ಹಗೇವಿನ ಹಾಗೆ ಬಿದ್ದಿದ್ದ ಕೂರುವ ಭಾಗದ ಕಡೆಗೇ ಹೋಗಿ ಹೋಗಿ ಬರುತ್ತಿತ್ತು.

ಶಿವಗಂಗಮ್ಮ ಎದ್ದು ಸೊಂಟ ನೀವಿಕೊಂಡಳು. “ಅಪ್ಪನ ನೆನಪು ಅಂದ್ಯಲ್ಲ, ಅದರೊಳಗಿಂದ ತೆಗೆದಿದ್ದೆಲ್ಲ ಆ ಚೀಲದಲ್ಲಿದೆ ನೋಡ್ಕೊ. ನಾನು ಕಾಫಿ ತರ್ತೀನಿ.”

ಕೆಳಗಿಳಿದವಳು ಮೆಟ್ಟಿಲ ತಿರುವಿನಲ್ಲೇ ನಿಂತಳು. ಅಲ್ಲಿಂದ ಚಪ್ಪರ ಚೆನ್ನಾಗಿ ಕಾಣುತ್ತಿತ್ತು. ಶಿವರಂಜನ್ ಚೀಲದ ಹತ್ತಿರ ಹೋದ. ಅಂಗಿಯ ತೋಳು ಮಡಚದೆಯೇ ಚೀಲಕ್ಕೆ ಕೈ ಹಾಕಿದ. ಕಣದಲ್ಲಿ ಓಲೆ ಕಳೆದುಕೊಂಡ ಹೆಂಗಸು ತೂರಿದ ಹೊಟ್ಟನ್ನು ಮತ್ತೆ ಕೆದಕುವ ಹಾಗೆ ಬೆರಳುಗಳಿಂದ ನಾರನ್ನು ಹಿಂಡಿ ಹಿಂಡಿ ನೋಡಿದ. ಮಂಡಿಯೂರಿ ಸ್ಪ್ರಿಂಗುಗಳ ಸಂದಿಯನ್ನೂ ತಡಕಿದ.

ಶಿವಗಂಗಮ್ಮ ಕಾಫಿ ತಂದಾಗ ಅವನ ಬಿಳಿ ಅಂಗಿಯ ತೋಳು ಮೊಣಕೈವರೆಗೆ ಕಂದಾಗಿತ್ತು.

“ಏನಾದ್ರೂ ಬೀಳಿಸ್ಕೊಂಡ್ಯಾ?”

“ಇಲ್ಲ ಅತ್ತೆ, ಸುಮ್ನೆ. ನಾರು ಹೆಂಗಿದೆ ಅಂತ.”

“ಕೊಬ್ಬರಿ ವ್ಯಾಪಾರಿ ಮಗ, ನಾರು ನೋಡಬೇಕಾದ್ದೇ ಬಿಡು.” ಲೋಟ ಕೊಟ್ಟು, ಅದೇ ದನಿಯಲ್ಲಿ ಕೇಳಿದಳು: “ಕರಡಿಗೆ ಸೀತಾ ಹೊತ್ಕೊಂಡು ಹೋದ್ಲು ಅಂತ ದೂರು ಕೊಟ್ಟೋನು ನೀನು. ಅವಳು ಹೊತ್ಕೊಂಡು ಹೋಗಿದ್ರೆ ಈ ಕುರ್ಚೀಲಿ ಏನು ಹುಡುಕ್ತಿದೀಯಪ್ಪಾ?”

ಶಿವರಂಜನ್ ಕಾಫಿಯನ್ನು ಆರಿಸುವ ನೆವದಲ್ಲಿ ತಲೆ ಬಗ್ಗಿಸಿದ. ಅಪ್ಪ ಕೊನೆಕೊನೆಗೆ ಕುರ್ಚಿ, ಕುರ್ಚಿ ಎನ್ನುತ್ತಿದ್ದರಂತೆ. ಕೂರಬೇಕೇನೋ ಎಂದು ಎತ್ತಿ ಕೂರಿಸಿದರೆ ಮತ್ತೆ ಅದನ್ನೇ ಅನ್ನುತ್ತಿದ್ದರಂತೆ. ಈಗ ಯೋಚಿಸಿದರೆ ಏನೋ ಅನ್ನಿಸುತ್ತದೆ, ಅಷ್ಟೇ ಎಂದ.

“ಈ ಮಾತು ಪೊಲೀಸಿಗೆ ಹೇಳಿದ್ಯಾ?”

ಅವನು ಲೋಟವನ್ನು ಕಟ್ಟೆಯ ಮೇಲಿಟ್ಟು, ಗಾಡಿ ತರಿಸಿ ಕುರ್ಚಿ ಇದ್ದ ಹಾಗೇ ಒಯ್ಯುತ್ತೇನೆ ಎಂದ. ಪಟ್ಟಿ ಬಿಚ್ಚಿರುವ ಕುರ್ಚಿಯನ್ನು ಎತ್ತಿದರೆ ಚೌಕಟ್ಟೇ ಕಳಚುತ್ತದೆ, ನಾಳೆ ಬಾ ಎಂದಳು ಶಿವಗಂಗಮ್ಮ. ಆಗಲಿ ಎಂದು ಹೋದ. ಬೂಟಿನ ಸದ್ದು ಬಂದಾಗಿನಕ್ಕಿಂತ ಬೇಗಬೇಗ ಇಳಿಯಿತು.

ಅವನು ಸುಳ್ಳು ಹೇಳಿದನೆಂದು ಅವಳಿಗೆ ಅನ್ನಿಸಲಿಲ್ಲ. ಪೂರ್ತಿ ಹೇಳಲಿಲ್ಲ ಅನ್ನಿಸಿತು. ಸಾಯುವ ಮನುಷ್ಯ ಕುರ್ಚಿ ಕುರ್ಚಿ ಎಂದಿದ್ದು ನಿಜವಾದರೆ ವಸ್ತು ಇದರಲ್ಲೇ ಇರಬೇಕು. ಅವಳು ಜಾಲಿಸಿದ್ದಾಯಿತು, ಅವನು ತಡಕಿದ್ದಾಯಿತು. ಹಾಗಾದರೆ ಎಲ್ಲಿ?

ಇನ್ನೊಮ್ಮೆ ನೋಡೋಣವೆಂದು ಕುರ್ಚಿಯನ್ನು ನಿಲ್ಲಿಸಿ, ಕೂರುವ ಭಾಗದ ಮೇಲೆ ಬಗ್ಗಿದಳು.

ಬಗ್ಗಿದ ರಭಸಕ್ಕೆ ಅವಳ ಕೊರಳಿನ ಶಿವದಾರ ರವಿಕೆಯಿಂದ ಹೊರಜಾರಿತು. ಬೆಳ್ಳಿ ಕರಡಿಗೆ ತೂಗಾಡುತ್ತ ಕುರ್ಚಿಯ ತಳದ ಕಡೆಗೆ ಇಳಿಯಿತು. ಅದು ತಾಕುವ ಮೊದಲೇ ಅವಳ ಎಡಗೈ ತಾನಾಗಿ ಬಂದು ಹಿಡಿದು, ಎದೆಯೊಳಗೆ ಸೇರಿಸಿಬಿಟ್ಟಿತು. ನಾಲ್ಕು ಜನ ಕೂತೆದ್ದ ಜಾಗಕ್ಕೆ ಲಿಂಗ ತಾಕಬಾರದು. ಚಿಕ್ಕಂದಿನಲ್ಲಿ ಅಜ್ಜಿ ತಲೆಗೆ ಮೊಟಕಿ ಕಲಿಸಿದ್ದು. ಈಗ ಬುದ್ಧಿಗೆ ಕೆಲಸವಿಲ್ಲದೆ ಕೈಯೇ ಮಾಡುತ್ತಿತ್ತು.

ಶಿವಗಂಗಮ್ಮ ಬಗ್ಗಿದ ಹಾಗೇ ನಿಂತುಬಿಟ್ಟಳು.

ಇಷ್ಟು ದಿನ ಅವಳು ಹುಡುಕಿದ್ದು ವಿಮಾ ಕಂಪನಿಯ ಕಣ್ಣಿನಿಂದ. ಕಳ್ಳ ಎಲ್ಲಿ ಬಚ್ಚಿಡುತ್ತಾನೆ ಎಂದು. ಶಿವರಂಜನ್ ಹುಡುಕಿದ್ದೂ ಹಾಗೆಯೇ. ಅವನ ಕೊರಳಿನಿಂದ ದಾರ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೆ ದಿನಕ್ಕೆ ಮೂರು ಹೊತ್ತು ಪೂಜೆ ಮಾಡುತ್ತಿದ್ದ ಹಾಲಸಿದ್ದಪ್ಪನವರ ಕಣ್ಣೆದುರು, ಅವರ ಒಪ್ಪಿಗೆಯಿಂದ ಕರಡಿಗೆ ಈ ಕುರ್ಚಿ ಸೇರಿದ್ದರೆ ಅದು ಕೂರುವ ಜಾಗದಲ್ಲಿ ಇರುವುದಿಲ್ಲ. ಕೈ ಇಡುವ ಕಡೆಯೂ ಅಲ್ಲ. ಇದ್ದರೆ ತಲೆ ಆನಿಸುವ ಜಾಗದಲ್ಲಿ.

ಒರಗಿನ ಮೇಲ್ತುದಿಯಲ್ಲಿ ತಲೆಗೆಂದು ಮಾಡಿದ ಉದ್ದನೆಯ ದಿಂಬಿತ್ತು. ಅದನ್ನು ಕೊನೆಗೆ ಬಿಚ್ಚೋಣವೆಂದು ಬಿಟ್ಟಿದ್ದಳು. ಈಗ ಕುರ್ಚಿಯನ್ನು ಬೆಳಕಿಗೆ ತಿರುಗಿಸಿ ಅದರ ಹಿಂಬದಿಯನ್ನು ಬೆರಳಿನಿಂದ ಸವರಿಕೊಂಡು ಹೋದಳು. ಎಲ್ಲಾ ಕಡೆ ಯಂತ್ರದ ಹೊಲಿಗೆ. ಎಡಗಡೆಯ ಮೂಲೆಯಲ್ಲಿ ಮಾತ್ರ ಗೇಣುದ್ದ ಕೈಹೊಲಿಗೆ. ದಾರ ರೆಕ್ಸಿನ್ನಿನ ಬಣ್ಣಕ್ಕೇ ಕಂದಾಗಿತ್ತು. ಉಗುರಿನಿಂದ ಕೆರೆದರೆ ಬೂಟು ಪಾಲಿಶ್ಶಿನ ವಾಸನೆ ಬಂತು. ಒಳಗಿನಿಂದ ಬೆಳ್ಳನೆಯ ಹುರಿನೂಲು ಇಣುಕಿತು.

ಶಿವದಾರ. ಲಿಂಗ ಕಟ್ಟಿಕೊಳ್ಳುವ ಅದೇ ನೂಲು. ಕುರ್ಚಿ ಹೊಲಿಯುವವರ ಹತ್ತಿರ ಅದಿರುವುದಿಲ್ಲ, ಹಾಲಸಿದ್ದಪ್ಪನವರ ಪೂಜೆಯ ಪೆಟ್ಟಿಗೆಯಲ್ಲಿ ಇರುತ್ತದೆ.

ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊಲಿಗೆಯ ನಡೆ ಅವಳಿಗೆ ಗುರುತಿದ್ದ ಹಾಗಿತ್ತು. ದಾರ ಮುಂದೆ ಹೋಗಿ, ಒಮ್ಮೆ ಹಿಂದೆ ಬಂದು, ತನ್ನನ್ನೇ ತಾನು ಹಿಡಿದುಕೊಂಡು ಮತ್ತೆ ಮುಂದೆ ಹೋಗುತ್ತಿತ್ತು.

ಕೆಳಗೆ ಹೋಗಿ ತಾಯಿಯ ಮಂಚದ ಮೇಲಿದ್ದ ಬೂರುಗದ ಹತ್ತಿಯ ದಿಂಬು ತಂದಳು. ಮಗ್ಗುಲು ತಿರುಗಲಾರದ ಮುದುಕಿ ದಿಂಬು ಹಿಡಿದು ಎಳೆದಾಡಿ ಬಾಯಿ ಬಿಚ್ಚುತ್ತಿದ್ದಾಗ, ಇನ್ನು ಬಿಚ್ಚಲಿ ನೋಡೋಣ ಎಂದು ಸೀತಾ ಕೂತು ಹೊಲಿದ ದಿಂಬು. ಅದನ್ನು ಕುರ್ಚಿಯ ತಲೆದಿಂಬಿನ ಪಕ್ಕಕ್ಕೆ ಹಿಡಿದಳು.

ಎರಡೂ ಒಂದೇ ಕೈ.

ಬ್ಲೇಡಿನಿಂದ ದಾರವನ್ನು ಒಂದೊಂದಾಗಿ ಕೊಯ್ದಳು. ನಾರಿನ ನಡುವೆ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಹಕ್ಕಿಯ ಮೊಟ್ಟೆಯನ್ನು ಗೂಡಿನಲ್ಲಿಟ್ಟ ಹಾಗೆ ಇಟ್ಟಿದ್ದರು. ಚಿನ್ನದ ಕರಡಿಗೆ, ಅದರ ದಾರದ ಸಮೇತ. ಮಡಿಲಲ್ಲಿಟ್ಟುಕೊಂಡು ಕೂತಳು. ಗಿಂಡಿಯ ಲೋಕಲ್ ರೈಲು ಕೂಗಿಕೊಂಡು ಹೋಯಿತು.

ಮಧ್ಯಾಹ್ನಕ್ಕೆ ಬಾ ಎಂದು ಹೇಳಿದ್ದಕ್ಕೆ ಸೀತಾ ಬಂದಳು, ತಾಟಿನುಂಗಿನ ಪೊಟ್ಟಣ ಹಿಡಿದುಕೊಂಡು. ಕುರ್ಚಿ ಸಿಕ್ಕ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ತಾರಸಿಯ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಅವಳ ಕಣ್ಣು ಕೂರುವ ಭಾಗದ ಮೇಲೆ ನಿಲ್ಲಲಿಲ್ಲ. ನೇರವಾಗಿ ಮೇಲಕ್ಕೆ, ತಲೆದಿಂಬಿನ ಎಡಮೂಲೆಗೆ ಹೋಯಿತು.

ಶಿವಗಂಗಮ್ಮ ತಾಯಿಯ ದಿಂಬನ್ನು ಮುಂದೆ ಸರಿಸಿದಳು. “ಇದು ನೀನು ಹೊಲಿದಿದ್ದಲ್ವೇನೇ?”

“ಹೂಂ. ಅಜ್ಜಿಗೆ.”

“ಅದು?”

ಸೀತಾ ನುಂಗಿನ ಪೊಟ್ಟಣವನ್ನು ನೆರಳಿಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. “ಅದೂ ನಾನೇ ಅಮ್ಮ.”

“ನನ್ನ ಮುಂದೇನೂ ಗೊತ್ತಿಲ್ಲ ಅಂದ್ಯಲ್ಲೇ. ನಾನು ಊರೆಲ್ಲ ತಿರುಗಿ ಈ ಕುರ್ಚಿ ಹುಡುಕ್ತಿದ್ರೆ ನೀನು ಸುಮ್ನೆ ಕೂತಿದ್ದೆ.”

“ಯಾರ್ ಕೇಳಿದ್ರೂ ಗೊತ್ತಿಲ್ಲ ಅನ್ನು ಅಂತ ಅಪ್ಪಾವ್ರು ಮಾತು ತಕ್ಕಂಡಿದ್ರು. ನಿಮ್ಮನ್ನ ಬಿಟ್ಟು ಯಾರ್ ಕೇಳಿದ್ರೂ ಅಂತ ಅವ್ರು ಏಳ್ಲಿಲ್ಲ.” ಹೊಸೂರಿನ ಕಡೆಯವಳಾದ ಸೀತಾ ಕೋಪ ಬಂದಾಗಲೂ ದನಿ ಏರಿಸುತ್ತಿರಲಿಲ್ಲ, ಈಗಲೂ ಏರಿಸಲಿಲ್ಲ.

ಶಿವಗಂಗಮ್ಮನಿಗೆ ಸಿಟ್ಟೂ ನೋವೂ ಒಟ್ಟಿಗೆ ಬಂದವು. ಲಿಂಗ ಹಾಲಸಿದ್ದಪ್ಪನವರ ಜೊತೆಗೇ ಹೋಯಿತು, ಜಂಗಮರು ಅದನ್ನು ಅವರ ಅಂಗೈಗಿಟ್ಟಿದ್ದನ್ನು ತಾನೇ ಕಣ್ಣಾರೆ ಕಂಡಿದ್ದೇನೆ, ಉಳಿದ ಖಾಲಿ ಕರಡಿಗೆಗಾಗಿ ನೀನು ಲಾಕಪ್ಪಿಗೆ ಹೋಗುತ್ತೀಯಾ ಎಂದು ಬೈದಳು.

“ಖಾಲಿ ಇಲ್ಲ ಅಮ್ಮ. ಕೈಯಾಗೆ ಇಡ್ಕಂಡಿದೀರಲ್ಲ, ತೂಕ ನೋಡಿ.”

ಶಿವಗಂಗಮ್ಮ ನೋಡಿದಳು. ಭಾರ ಚಿನ್ನದ್ದೆಂದುಕೊಂಡಿದ್ದಳು. ಮೆಲ್ಲಗೆ ಅಲ್ಲಾಡಿಸಿದಾಗ ಒಳಗೆ ಏನೋ ಬಟ್ಟೆಯಲ್ಲಿ ಸುತ್ತಿದ್ದು ಮಿಸುಕಿತು.

“ಅಪ್ಪಾವ್ರ ಲಿಂಗ ಅದು” ಎಂದಳು ಸೀತಾ.

“ಹಾಗಾದ್ರೆ ಮಣ್ಣಲ್ಲಿಟ್ಟಿದ್ದು?”

“ಅವ್ರ ಹೆಂಡ್ತೀದು. ಭವಾನಮ್ಮಂದು.”

ನುಂಗಂಬಾಕ್ಕಂ ಮನೆಯ ಹಜಾರದಲ್ಲಿ ಭವಾನಮ್ಮನ ದೊಡ್ಡ ಫೋಟೋ ಇತ್ತು. ಶ್ರೀಶೈಲಕ್ಕೆ ಹೋದ ಬಸ್ಸು ಉರುಳಿ ತೀರಿಕೊಂಡರೆಂದೂ, ಆಗ ರಂಜನ್ ಇನ್ನೂ ಅಂಬೆಗಾಲಿಡುತ್ತಿದ್ದನೆಂದೂ ಶಿವಗಂಗಮ್ಮ ಕೇಳಿದ್ದಳು. ಆ ಫೋಟೋದ ಗಂಧದ ಹಾರವನ್ನು ವರ್ಷಕ್ಕೊಮ್ಮೆ ಬದಲಾಯಿಸುವುದನ್ನೂ ನೋಡಿದ್ದಳು.

“ಸತ್ತೋರ ಲಿಂಗ ಸತ್ತೋರ ಜೊತೇಲೇ ಹೋಗುತ್ತಲ್ಲೇ. ಅದೆಲ್ಲಿಂದ ಬಂತು?”

“ಸತ್ತಿದ್ರೆ ತಾನೆ ಅಮ್ಮ ಹೋಗೋದು?”

ಚಪ್ಪರದ ಗರಿಯ ಸಂದಿಯಿಂದ ಇಳಿದ ಬಿಸಿಲಿನ ಚುಕ್ಕೆಗಳು ಗೋಣಿತಟ್ಟಿನ ಮೇಲೆ ಅಲುಗಾಡುತ್ತಿದ್ದವು. ಸೀತಾ ಹೇಳತೊಡಗಿದಳು. ರಂಜನ್ ಆಫೀಸಿಗೆ ಹೋಗಿದ್ದ ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿಂದ ಒಬ್ಬ ಮುದುಕಿ ಬಂದರಂತೆ. ಸೀತಾ ಯಾರೋ ಎಂದು ತಡೆಯುವಷ್ಟರಲ್ಲಿ ಹಾಸಿಗೆಯ ಮೇಲಿಂದ ಹಾಲಸಿದ್ದಪ್ಪನವರು, ಬಿಡು, ಎಂದರಂತೆ. ಪಾರ್ಶ್ವವಾಯು ಬಡಿದ ಮೇಲೆ ಅಷ್ಟು ಸ್ಪಷ್ಟವಾಗಿ ಅವರು ಆಡಿದ ಮಾತು ಅದೊಂದೇ. ಮುದುಕಿ ತನ್ನ ಕೊರಳಿನ, ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ಬಿಚ್ಚಿ ಅವರಿಗೆ ಕಟ್ಟಿ, ಅವರದನ್ನು ಕರಡಿಗೆಯ ಸಮೇತ ತನ್ನ ಕೈಗೆ ತೆಗೆದುಕೊಂಡರು. ಕಟ್ಟಿಕೊಳ್ಳುವ ಮೊದಲೇ ಗೇಟಿನಲ್ಲಿ ಕಾರು ಬಂತು. ರಂಜನ್. ಮುದುಕಿ ಕರಡಿಗೆಯನ್ನು ಸೀತಾಳ ಕೈಯಲ್ಲಿಟ್ಟು, ಬಂದು ತೆಗೆದುಕೊಳ್ಳುತ್ತೇನೆ ಎಂದು ಬಂದ ದಾರಿಯಲ್ಲೇ ಹೋದರು.

“ಎಲ್ಲಿಡ್ಲಿ ಅಂತ ಕೇಳ್ದೆ. ಕುರ್ಚಿ ಅಂದ್ರು. ಕೂರೋ ಕಡೆ ಕೈ ಇಟ್ಟೆ, ಅವ್ರಿಗೆ ಬಂದ ಸಿಟ್ಟು ನೋಡ್ಬೇಕಿತ್ತು. ಆಮ್ಯಾಕೆ ತಲೆ ಮುಟ್ಕಂಡು ತೋರ್ಸಿದ್ರು.”

“ರಂಜನ್‌ಗೆ ಗೊತ್ತಾ, ಅವನ ತಾಯಿ ಇರೋದು?”

ಸೀತಾ ಬಾಯಿ ತೆರೆದಳು. ಅಷ್ಟರಲ್ಲಿ ಬೀದಿಯಲ್ಲಿ ಹಾರನ್ ಆಯಿತು. ಇಬ್ಬರೂ ಕಟ್ಟೆಯಿಂದ ಬಗ್ಗಿ ನೋಡಿದರು. ಊರವರು ಚಿನ್ನಯಾನೈ, ಅಂದರೆ ಪುಟ್ಟಾನೆ, ಎನ್ನುವ ಪುಟ್ಟ ಲಾರಿ ಗೇಟಿಗೆ ಹಿಂದಾಗಿ ನಿಲ್ಲುತ್ತಿತ್ತು. ಶಿವರಂಜನ್ ಅದರಿಂದ ಇಳಿದ. ಅವನಿಗೆ ನಾಳೆಯವರೆಗೆ ತಾಳ್ಮೆಯಿರಲಿಲ್ಲ.

ಸೀತಾ ಶಿವಗಂಗಮ್ಮನ ಮೊಣಕೈ ಹಿಡಿದುಕೊಂಡಳು. “ಆಯಮ್ಮ ಬತ್ತಾರೆ. ಬರೋಗಂಟ ಯಾರ್ಗೂ ಕೊಡ್ಬ್ಯಾಡಿ. ಅಜ್ಜಿ ಋಣ ಋಣ ಅಂತಿರ್ತೀರಲ್ಲ, ಇದ್ರಾಗೆ ತೀರಿಸ್ಕಳ್ಳಿ. ಟೇಶನ್ಗೆ ನಾನ್ ಓಗ್ತೀನಿ, ಬಟ್ಟೆ ಕಟ್ಟಿಟ್ಟಿದೀನಿ.”

ಬೂಟಿನ ಸದ್ದು ಮೊದಲ ಮಹಡಿ ದಾಟಿತು.

ಈ ಅಂಗೈಯನ್ನು ಚಾಚಿ ತೋರಿಸಿದರೆ ಸಾಕು, ಸೀತಾ ಇವತ್ತೇ ಬಿಡುಗಡೆ. ಅದಕ್ಕಾಗಿಯೇ ಶಿವಗಂಗಮ್ಮ ಇಷ್ಟು ದಿನ ಬೆವರು ಹರಿಸಿದ್ದು. ತೋರಿಸದಿದ್ದರೆ ನಾಳೆ ಅವಳು ಒಳಗೆ. ಯಾರ ಋಣ ತೀರಿಸಬೇಕೋ ಅವಳೇ ಎದುರು ನಿಂತು, ತೋರಿಸಬೇಡಿ ಎನ್ನುತ್ತಿದ್ದಳು.

ಶಿವಗಂಗಮ್ಮ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡಳು. ಅದರ ದಾರವನ್ನು ಕೊರಳಿಗೆ ಹಾಕಿ, ಚಿನ್ನದ್ದನ್ನು ತನ್ನ ಬೆಳ್ಳಿಯದರ ಪಕ್ಕಕ್ಕೆ ಇಳಿಬಿಟ್ಟು, ಸೆರಗು ಹೊದ್ದಳು. ದಬ್ಬಳ ತೆಗೆದುಕೊಂಡು ತಲೆದಿಂಬಿನ ಬಾಯಿ ಹೊಲಿಯುವವಳ ಹಾಗೆ ಬಗ್ಗಿದಳು.

ಶಿವರಂಜನ್ ಬಾಗಿಲಲ್ಲಿ ನಿಂತ. ಸೀತಾಳನ್ನು ನೋಡಿದ, ಮಾತಾಡಿಸಲಿಲ್ಲ. ಕೆಳಗೆ ಆಳುಗಳು ಕಾಯುತ್ತಿದ್ದಾರೆ ಎಂದು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ಗೋಣಿತಟ್ಟಿನ ಮೇಲೆ, ಶಿವಗಂಗಮ್ಮನ ಕಾಲ ಬಳಿ, ಕೊಯ್ದ ದಾರದ ತುಣುಕುಗಳು ಬಿದ್ದಿದ್ದವು. ಅವನ್ನು ಗುಡಿಸುವುದನ್ನು ಅವಳು ಮರೆತಿದ್ದಳು.

ಅವನು ಕುಕ್ಕುರುಗಾಲಲ್ಲಿ ಕೂತು ಒಂದು ತುಣುಕನ್ನು ಎತ್ತಿಕೊಂಡ. ಎರಡು ಬೆರಳಿನ ನಡುವೆ ಹೊಸೆದ. ಕಂದು ಬಣ್ಣ ಬೆರಳಿಗೆ ಹತ್ತಿತು, ನೂಲು ಬೆಳ್ಳಗಾಯಿತು. ಅವನ ಇನ್ನೊಂದು ಕೈ ತನ್ನ ಕೊರಳಿನ ನೀಲಿ ಪಟ್ಟಿಯನ್ನು ಮುಟ್ಟಿಕೊಂಡಿತು, ಅಲ್ಲಿ ಬೇರೇನೋ ಇದೆಯೆಂಬ ಹಾಗೆ.

“ಇದು ಶಿವದಾರ ತಾನೆ, ಅತ್ತೆ?”

ಶಿವಗಂಗಮ್ಮ ಉತ್ತರ ಕೊಡಲು ತಲೆಯೆತ್ತಿದಳು. ಅವಳ ಸೆರಗಿನೊಳಗೆ ಎರಡು ಕರಡಿಗೆಗಳು ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡಿದವು.